ನನ್ನ ತಟ್ಟೆಯೂ ಮಗಳ ಹೊಟ್ಟೆಯೂ

ಮಗಳು ಹುಟ್ಟಿದ ಹೊಸದರಲ್ಲಿ ನಾನು ತಿಂದ ಪ್ರತಿ ತುತ್ತಿಗೂ ಸಾಕ್ಷಿಗಳಿದ್ದರು. ತೊಂಬತ್ತರ ದಶಕದ ಮಧ್ಯದ ಮಾತು. ಚೊಚ್ಚಲ ಬಾಣಂತನಕ್ಕೆಂದು ಗುಬ್ಬಿಯ ತವರುಮನೆಯಲ್ಲಿದ್ದೆ. ನಡುಮನೆಗೆ ಅಂಟಿಕೊಂಡ ಕತ್ತಲೆ ಕೋಣೆ, ಕಿವಿಯಲ್ಲಿ ಹತ್ತಿ, ತಲೆಗೆ ಬಿಗಿದು ಕಟ್ಟಿದ ಬಟ್ಟೆ, ಮಂಚದ ಕೆಳಗೆ ಕೆಂಡ. ತುಮಕೂರಿನ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿ ಬಂದವಳನ್ನು ಆ ಕೋಣೆಯಲ್ಲಿ ಯಾರೂ ಏನನ್ನೂ ಕೇಳುತ್ತಿರಲಿಲ್ಲ, ಒಂದನ್ನು ಬಿಟ್ಟು.

ಮಗು ಹಗಲೆಲ್ಲ ಚೆನ್ನಾಗಿರುತ್ತಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಶುರುಮಾಡುತ್ತಿತ್ತು. ಕಾಲುಗಳನ್ನು ಹೊಟ್ಟೆಗೆ ಎಳೆದುಕೊಂಡು, ಮುಖವನ್ನು ಟೊಮೆಟೊ ಮಾಡಿಕೊಂಡು, ಬೀದಿಯವರೆಲ್ಲ ಬಾಗಿಲಿಗೆ ಬರುವಂತೆ ಅಳುತ್ತಿತ್ತು. ಆಗ ಅಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬರುತ್ತಿದ್ದಳು. ಮಗುವಿನ ಮುಖ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದಳು.

"ಮದ್ಯಾನ ಏನವ್ವಾ ತಿಂದೆ?"

ಮಧ್ಯಾಹ್ನ ಬಡಿಸಿದವಳು ಅವಳೇ. ಪಕ್ಕದಲ್ಲಿ ಕೂತು ನಾನು ತಿಂದು ಮುಗಿಸುವವರೆಗೆ ಕಾದು ತಟ್ಟೆ ಎತ್ತಿಕೊಂಡು ಹೋದವಳೂ ಅವಳೇ. ಆದರೂ ಕೇಳುತ್ತಿದ್ದಳು. ಕೇಳುವ ರೀತಿ ಹೇಗಿರುತ್ತಿತ್ತೆಂದರೆ, ನಾನೇ ರಾತ್ರೋರಾತ್ರಿ ಗೋಡೆ ಹಾರಿ ಹೋಗಿ ಏನನ್ನೋ ತಿಂದು ಬಂದಿದ್ದೇನೇನೋ ಎಂದು ನನಗೇ ಅನುಮಾನವಾಗುತ್ತಿತ್ತು.

ನಮ್ಮ ಕಡೆ ಬಾಣಂತಿಯ ಮೇಲೆ ಹಾಕಲು ನಾಲ್ಕು ಸೆಕ್ಷನ್ನುಗಳಿವೆ. ಆಲೂಗಡ್ಡೆ, ಬೇಳೆ, ಕಾಳು ತಿಂದರೆ ವಾಯು. ಮೊಸರು, ಸೌತೆಕಾಯಿ, ಬಾಳೆಹಣ್ಣು ತಿಂದರೆ ಶೀತ. ಪರಂಗಿ, ಮಾವು ತಿಂದರೆ ಉಷ್ಣ. ಬದನೆಕಾಯಿ ತಿಂದರೆ ನಂಜು. ಈ ನಾಲ್ಕರಲ್ಲಿ ಯಾವುದಕ್ಕೂ ಸಿಗದ ಪದಾರ್ಥ ಉಳಿದರೆ ಅದಕ್ಕೆ 'ಆಗಿಬರಲ್ಲ' ಎಂಬ ಐದನೆಯ ಸೆಕ್ಷನ್. ಯಾವುದರಲ್ಲೂ ಜಾಮೀನಿಲ್ಲ.

ತನಿಖೆಯ ಕ್ರಮವೂ ಸರಳವಾಗಿತ್ತು. ಮಗು ಅತ್ತ ದಿನ ನನ್ನ ತಟ್ಟೆಯಿಂದ ಒಂದು ಪದಾರ್ಥವನ್ನು ತೆಗೆಯುವುದು. ಮಾರನೆಯ ದಿನವೂ ಅತ್ತರೆ, ಆ ಪದಾರ್ಥದ್ದೇನೂ ತಪ್ಪಿರಲಿಲ್ಲ ಎಂದು ತಾನೇ ಅರ್ಥ? ಹಾಗೆಂದುಕೊಂಡು ಅದನ್ನು ವಾಪಸ್ಸು ಬಡಿಸುವ ಪದ್ಧತಿ ಇರಲಿಲ್ಲ. ಇನ್ನೊಂದನ್ನು ತೆಗೆಯುತ್ತಿದ್ದರು. ಮೊದಲು ಹುರುಳಿಕಾಯಿ ಪಲ್ಯ ಹೋಯಿತು. ಆಮೇಲೆ ಬೇಳೆ ಹೋಯಿತು. ಮಜ್ಜಿಗೆ ಬರುವ ಮೊದಲೇ ಹೋಗಿತ್ತು. ಮಗಳು ಮಾತ್ರ ತನ್ನ ಹೊತ್ತಿಗೆ ತಾನು ಅಳುತ್ತಲೇ ಇದ್ದಳು, ಅವಳಿಗೆ ಈ ವ್ಯವಹಾರ ಯಾವುದೂ ತಿಳಿದಂತಿರಲಿಲ್ಲ.

ಇದೆಲ್ಲ ನಡೆದದ್ದು ಅವರೆಕಾಯಿ ಕಾಲದಲ್ಲಿ. ಅದೊಂದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ನಮ್ಮ ಕಡೆ ಚಳಿಗಾಲದಲ್ಲಿ ಮನೆಮನೆಯ ಜಗಲಿಯಲ್ಲೂ ಅವರೆಕಾಯಿ ಸಿಪ್ಪೆಯ ರಾಶಿ ಇರುತ್ತದೆ. ಕಾಳನ್ನು ನೆನೆಹಾಕಿ, ಒಂದೊಂದನ್ನೇ ಹಿದುಕಿ, ಹಿದುಕಿದಬೇಳೆ ಸಾರು ಮಾಡಿದರೆ ಅದರ ಸೊಗಡು ಮೂರು ಮನೆ ದಾಟಿ ಹೋಗುತ್ತದೆ. ಬಾಣಂತಿ ಕೋಣೆಗೆ ಬರುವುದು ಅದಕ್ಕೆ ಕಷ್ಟವೇ? ನಾನು ಮೂಗರಳಿಸಿ ಕೂತಿದ್ದನ್ನು ಕಂಡು ಅಮ್ಮ ಕೋಣೆಯ ಬಾಗಿಲು ಮುಂದೆ ಮಾಡಿದಳು. ವಾಸನೆ ಕುಡಿದರೂ ಹಾಲಿಗೆ ಇಳಿಯುತ್ತದೆಯಂತೆ.

ಭಾನುವಾರ ನನ್ನ ಗಂಡ ಬರುತ್ತಿದ್ದರು. ತುಮಕೂರಿನ ಪಕ್ಕದ ಅಂತರಸನಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಅವರಿಗೆ ಕೆಲಸ, ಸ್ಕೂಟರಿನಲ್ಲಿ ಬಂದು ಸಂಜೆಗೆ ಹೊರಡುತ್ತಿದ್ದರು. ಅಳಿಯಂದಿರು ಎಂದ ಮೇಲೆ ಕೇಳಬೇಕೆ, ಮುದ್ದೆಯ ಮೇಲೆ ಮುದ್ದೆ, ಹಿದುಕಿದಬೇಳೆ ಸಾರಿನ ಹೊಳೆ. ಉಂಡಾದ ಮೇಲೆ ಅವರು ಬೆಲ್ಟ್ ಸಡಿಲ ಮಾಡಿ, ಹೊಟ್ಟೆ ಹಿಡಿದುಕೊಂಡು, ಮೂಲೆ ಅಂಗಡಿಗೆ ಸೋಡಾ ಕುಡಿಯಲು ಹೋಗುತ್ತಿದ್ದರು. ಮನೆಯಲ್ಲಿ ನಿಜವಾಗಿ ವಾಯುವಾದ ಮನುಷ್ಯ ಅವರೊಬ್ಬರೇ. ಪಾಪ, ವಾರವೆಲ್ಲ ಹೋಟೆಲ್ ಊಟ ಎಂದು ಅಮ್ಮ ಮರುಗುತ್ತಿದ್ದಳು. ಮಗುವಿನ ಹೊಟ್ಟೆಗೆ ನಾನು ಹೊಣೆಯಾದರೆ ಇವರ ಹೊಟ್ಟೆಗೆ ಯಾರು ಹೊಣೆ ಎಂದು ಯಾರೂ ವಿಚಾರಿಸಲಿಲ್ಲ.

ಅಷ್ಟರಲ್ಲಿ ನಾಮಕರಣಕ್ಕೆಂದು ಕುಣಿಗಲ್ಲಿನಿಂದ ಅತ್ತೆ ಬಂದರು. ಶಾಸ್ತ್ರ ಮುಗಿಸಿ ಮಾರನೆಯ ಬಸ್ಸಿಗೆ ಹೊರಡುವವರಿದ್ದರು. ಸಂಜೆಯ ಅಳು ಕೇಳಿ ಉಳಿದುಬಿಟ್ಟರು. ನನಗೆ ಒಳಗೊಳಗೇ ಖುಷಿಯಾಯಿತು. ಕಾರಣ, ಅತ್ತೆಯ ಪಟ್ಟಿಯೇ ಬೇರೆಯಿತ್ತು. ಗುಬ್ಬಿಯಲ್ಲಿ ಸಬ್ಬಸಿಗೆ ಸೊಪ್ಪು ತಿಂದರೆ ಮಗು ಹಸಿರಾಗಿ ಕಕ್ಕಸು ಮಾಡುತ್ತದೆ. ಕುಣಿಗಲ್ಲಿನಲ್ಲಿ ಅದೇ ಸೊಪ್ಪನ್ನು ಬಾಣಂತಿಗೆ ದಿನಾ ಕೊಡಬೇಕು, ಹಾಲು ಹೆಚ್ಚುತ್ತದೆ. ಗುಬ್ಬಿಯಲ್ಲಿ ಬಾಣಂತಿಗೆ ಕಾಫಿ ಒಳ್ಳೆಯದು, ಕುಣಿಗಲ್ಲಿನಲ್ಲಿ ವಿಷ. ಗುಬ್ಬಿಯಲ್ಲಿ ಅನ್ನ ತೇಲುವಷ್ಟು ತುಪ್ಪ, ಕುಣಿಗಲ್ಲಿನಲ್ಲಿ ತುಪ್ಪದಿಂದಲೇ ಮಗುವಿಗೆ ಕಫ. ಒಂದೇ ಜಿಲ್ಲೆ, ನಡುವೆ ಒಂದು ಬಸ್ಸು ಬದಲಾಯಿಸಿದರಾಯಿತು, ಅಷ್ಟರಲ್ಲಿ ಎದೆಹಾಲಿನ ಗುಣವೇ ಬದಲಾಗಿ ಹೋಗುತ್ತಿತ್ತು. ಇವರಿಬ್ಬರೂ ಚೆನ್ನಾಗಿ ಜಗಳವಾಡಲಿ, ಆ ಗದ್ದಲದಲ್ಲಿ ನನಗೊಂದಿಷ್ಟು ಊಟ ಸಿಗಲಿ ಎಂದು ಆಸೆಪಟ್ಟೆ.

ಜಗಳ ಆಗಲಿಲ್ಲ. ಬೀಗಿತ್ತಿಯರಲ್ಲವೇ, ಮರ್ಯಾದೆ ಅಡ್ಡ ಬಂತು. ಅಮ್ಮ ಮನೆಗೆ ಬಂದವರ ಮಾತು ಮೀರಬಾರದು ಎಂದು ಕಾಫಿ, ತುಪ್ಪ ನಿಲ್ಲಿಸಿದಳು. ಅತ್ತೆ ಈ ಮನೆಯವರ ಮಾತು ಮೀರಬಾರದು ಎಂದು ಸಬ್ಬಸಿಗೆ ಸೊಪ್ಪಿನ ಹೆಸರೆತ್ತಲಿಲ್ಲ. ಹೀಗೆ ಒಬ್ಬರು ಬೇಡ ಎಂದದ್ದನ್ನು ಇನ್ನೊಬ್ಬರು ಗೌರವಿಸಿದರು. ಒಬ್ಬರು ಬೇಕು ಎಂದದ್ದನ್ನು ಮಾತ್ರ ಯಾರೂ ಗೌರವಿಸಲಿಲ್ಲ. ಇಬ್ಬರೂ ಒಪ್ಪಿದ ಪದಾರ್ಥಗಳೆಂದು ಉಳಿದದ್ದು ಅನ್ನ, ಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ. ಕಾಯಿಸಿ ಆರಿಸಿದ ನೀರು ಚಿಕ್ಕ ಲೋಟದಲ್ಲಿ ಬರುತ್ತಿತ್ತು. ಹೆಚ್ಚು ಕುಡಿದರೆ ಹಾಲು ನೀರಾಗುತ್ತದೆ ಎನ್ನುವ ವಿಷಯದಲ್ಲಿ ಎರಡು ಊರುಗಳಿಗೂ ಭಿನ್ನಾಭಿಪ್ರಾಯವಿರಲಿಲ್ಲ.

ಬೆಳಗ್ಗೆ ಮಗುವಿನ ಬಟ್ಟೆಯ ಪರಿಶೀಲನೆ. ಇಬ್ಬರೂ ಕಿಟಕಿಯ ಬೆಳಕಿನಲ್ಲಿ ನಿಂತು, ಜವಳಿ ಅಂಗಡಿಯಲ್ಲಿ ಸೀರೆಯ ಅಂಚು ನೋಡುವಂತೆ, ಆ ಬಟ್ಟೆಯನ್ನು ಹಿಡಿದು ನೋಡುತ್ತಿದ್ದರು. ಹಳದಿಯಾಗಿದ್ದರೆ ಉಷ್ಣ, ಹಸಿರಾಗಿದ್ದರೆ ಶೀತ, ನೊರೆಯಿದ್ದರೆ ವಾಯು. ಏನೂ ಇಲ್ಲದಿದ್ದರೆ ಕಟ್ಟಿಕೊಂಡಿದೆ. ಕೂಸೊಂದು ಸರಿಯಾಗಿ ಕಕ್ಕಸು ಮಾಡುವುದು ಎಂದರೆ ಹೇಗೆ ಎಂಬುದು ನನಗೆ ಕೊನೆಗೂ ತಿಳಿಯಲಿಲ್ಲ.

ಇಷ್ಟು ಹೊತ್ತು ನಗುತ್ತ ಹೇಳಿದೆ. ಆಗ ನನಗೆ ನಗು ಬರುತ್ತಿರಲಿಲ್ಲ. ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತಿತ್ತು. ಮಗು ಎದೆಗೆ ಬಾಯಿ ಹಾಕಿ, ಎಳೆದು ಎಳೆದು, ಸಿಟ್ಟಾಗಿ ಬಿಡುತ್ತಿತ್ತು. ಹಾಲು ಕಡಿಮೆಯಾಗುತ್ತಿದೆ ಎಂದು ನನಗೆ ಗೊತ್ತಾಗುತ್ತಿತ್ತು. ಬಾಯಿಬಿಟ್ಟು ಹೇಳಲು ಹೆದರಿಕೆ, ಅದಕ್ಕೂ ನಾನೇ ಏನೋ ತಿಂದಿರುತ್ತೇನೆ.

ಒಂದು ದಿನ ಹಾಲಿನ ಪರೀಕ್ಷೆಯೂ ಆಯಿತು. ಲೋಟದ ನೀರಿಗೆ ನನ್ನ ಹಾಲಿನ ಹನಿ ಬಿಟ್ಟು ಇಬ್ಬರೂ ಬಗ್ಗಿ ನೋಡಿದರು. ಅಮ್ಮನಿಗೆ ಹನಿ ತೇಲಿದಂತೆ ಕಂಡಿತು, ಅತ್ತೆಗೆ ಮುಳುಗಿದಂತೆ. ತೇಲಿದರೆ ಗುಬ್ಬಿಯ ಲೆಕ್ಕದಲ್ಲಿ ಹಾಲು ಕೆಟ್ಟಿದೆ. ಮುಳುಗಿದರೆ ಕುಣಿಗಲ್ಲಿನ ಲೆಕ್ಕದಲ್ಲಿ ಹಾಲು ಕೆಟ್ಟಿದೆ. ಅಲ್ಲಿಗೆ ತೀರ್ಪು ಒಮ್ಮತದ್ದಾಯಿತು. ಈ ಹಾಲು ಮಗುವಿಗೆ ಒಗ್ಗುತ್ತಿಲ್ಲ, ನಿಲ್ಲಿಸಿಬಿಡುವುದು, ಡಬ್ಬಿ ಹಾಲು ಶುರುಮಾಡುವುದು. ಬರುವಾಗ ಡಬ್ಬಿ ತರಲು ನನ್ನ ಗಂಡನಿಗೆ ಫೋನೂ ಹೋಯಿತು.

ಅವತ್ತು ನಾನು ಅತ್ತಷ್ಟು ಮಗಳೂ ಅತ್ತಿರಲಿಲ್ಲ. ಪಲ್ಯ ಹೋಗಲಿ, ತುಪ್ಪ ಹೋಗಲಿ, ಅವರೆಕಾಳೂ ಹೋಗಲಿ. ಮಗುವನ್ನೇ ಎದೆಯಿಂದ ಬಿಡಿಸುತ್ತೇವೆ ಎಂದರೆ ನನ್ನ ಹತ್ತಿರ ಉಳಿಯುವುದೇನು? ನಾನೇ ಅವಳಿಗೆ ವಿಷ ಕುಡಿಸುತ್ತಿದ್ದೇನೆ ಎಂದು ಅರ್ಧ ನಂಬಿಯೂ ಬಿಟ್ಟಿದ್ದೆ. ಭಾನುವಾರ ಗಂಡ ಡಬ್ಬಿ ಹಿಡಿದು ಬಂದಾಗ, ಮಂಚದ ಮೇಲೆ ಕೂತು, ಆ ಮನೆಯಲ್ಲಿ ಮೊದಲ ಸಲ ದನಿ ಎತ್ತರಿಸಿದೆ.

"ಡಾಕ್ಟ್ರು ಹೇಳಿದ್ರೆ ನಿಲ್ಲಿಸ್ತೀನಿ. ಅಲ್ಲೀವರೆಗೂ ಆ ಡಬ್ಬಿ ತೆಗಿಯಂಗಿಲ್ಲ."

ಮೂರು ತಿಂಗಳಾಗದ ಬಾಣಂತಿ ಹೊಸಿಲು ದಾಟುವುದೇ? ದೊಡ್ಡ ಮಾತುಕತೆ ನಡೆಯಿತು. ಕೊನೆಗೆ ಗಂಡ ಪರಿಚಯದವರ ವ್ಯಾನೊಂದನ್ನು ತಂದರು. ಮಾರನೆಯ ದಿನ ಎಲ್ಲರೂ ತುಮಕೂರಿಗೆ ಹೊರಟೆವು. ಡಾಕ್ಟರಿಗೆ ಸರಿಯಾಗಿ ವಿಷಯ ತಿಳಿಸಬೇಕಲ್ಲ ಎಂದು ಅಮ್ಮ, ಅತ್ತೆ ಇಬ್ಬರೂ ಹತ್ತಿದರು. ನನ್ನ ಕಿವಿಯ ಹತ್ತಿ ಇಮ್ಮಡಿಯಾಯಿತು.

ಶಿರಾ ಗೇಟಿನ ಹತ್ತಿರ ಮಕ್ಕಳ ಡಾಕ್ಟರಮ್ಮ ಒಬ್ಬರಿದ್ದರು. ಮಗುವನ್ನು ತಕ್ಕಡಿಯಲ್ಲಿ ಮಲಗಿಸಿದರು, ಹೊಟ್ಟೆ ಒತ್ತಿ ನೋಡಿದರು, ಬಾಯಿ ನೋಡಿದರು. ತೂಕ ಇನ್ನೂ ಸ್ವಲ್ಪ ಏರಬೇಕಿತ್ತು, ಬೇರೇನೂ ತೊಂದರೆಯಿಲ್ಲ ಎಂದರು. ಆಮೇಲೆ ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿ, ಏನು ಊಟ ಮಾಡುತ್ತೀಯ ಎಂದು ಕೇಳಿದರು. ಹೇಳಿದೆ. ಹೇಳಿ ಮುಗಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಅವರು ಇನ್ನೇನೋ ಇರಬಹುದೆಂದು ಕಾದರು.

ಮಗುವಿಗೆ ಕಾಯಿಲೆಯಿಲ್ಲ, ಹಸಿದಿರುವವಳು ತಾಯಿ, ಅದಕ್ಕೇ ಹಾಲು ಸಾಲುತ್ತಿಲ್ಲ ಎಂದರು. ಈ ವಯಸ್ಸಿನ ಎಷ್ಟೋ ಮಕ್ಕಳು ಸಂಜೆ ಹೀಗೇ ಅಳುತ್ತವೆ, ಮೂರು ನಾಲ್ಕು ತಿಂಗಳಿಗೆ ತಾವಾಗಿಯೇ ನಿಲ್ಲಿಸುತ್ತವೆ. ಅವರೆಕಾಳು ತಿಂದರೆ ವಾಯುವಾಗುವುದು ತಿಂದವರ ಹೊಟ್ಟೆಯಲ್ಲಿ, ಅದು ಹಾಲಿಗೆ ಇಳಿದು ಮಗುವಿನ ಹೊಟ್ಟೆಗೆ ಹೋಗುವುದಿಲ್ಲ. ಎಲ್ಲೋ ಕೆಲವು ಮಕ್ಕಳಿಗೆ ತಾಯಿ ಕುಡಿದ ಹಸುವಿನ ಹಾಲಿನಂಥದ್ದು ಒಗ್ಗದೆ ಇರಬಹುದು, ಅದಕ್ಕೆ ಬೇರೆ ಲಕ್ಷಣಗಳಿರುತ್ತವೆ, ಈ ಮಗುವಿಗೆ ಅದಿಲ್ಲ. ಎಲ್ಲ ತಿನ್ನಲಿ, ಬಾಯಾರಿದಷ್ಟು ನೀರು ಕುಡಿಯಲಿ, ಎದೆಹಾಲು ನಿಲ್ಲಿಸಬೇಡಿ. ಡಬ್ಬಿ ಹಾಲನ್ನು ಅಂಗಡಿಗೆ ವಾಪಸ್ಸು ಕೊಡಿ ಎಂದು ನನ್ನ ಗಂಡನಿಗೆ ಹೇಳಿದರು.

ಅಮ್ಮ ಅಷ್ಟಕ್ಕೆ ಬಿಡುವವಳಲ್ಲ. ಆಲೂಗಡ್ಡೆ ತಿಂದ ಬಾಣಂತಿಯರ, ಬಾಳೆಹಣ್ಣು ತಿಂದ ಬಾಣಂತಿಯರ, ಗುಬ್ಬಿಯ ನಾಲ್ಕೂ ಬೀದಿಗಳ ಉದಾಹರಣೆಗಳನ್ನು ಒಂದೊಂದಾಗಿ ತೆಗೆದಳು. ಡಾಕ್ಟರಮ್ಮ ಎಲ್ಲದಕ್ಕೂ ತಾಳ್ಮೆಯಿಂದ ಇಲ್ಲ ಎಂದರು. ನಾನು ಗೆದ್ದ ಸಂತೋಷದಲ್ಲಿ ಅತ್ತೆಯ ಕಡೆ ತಿರುಗಿದೆ. ಅವರು ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದರು. ಸೋತದ್ದಕ್ಕೆ ಸಿಟ್ಟು ಎಂದುಕೊಂಡೆ.

ನಾವು ಏಳುವ ಹೊತ್ತಿಗೆ ಅವರು ಕೇಳಿದರು. "ಡಾಕ್ಟ್ರಮ್ಮ, ಸೀಬೆಹಣ್ಣು ತಿಂದ್ರೆ?"

ಪಟ್ಟಿ ಇನ್ನೂ ಮುಗಿದಿಲ್ಲವೇ ಎಂದು ನನಗೆ ರೇಗಿತು. ತಿನ್ನಬಹುದು, ಒಳ್ಳೆಯದು ಎಂದರು ಡಾಕ್ಟರಮ್ಮ.

"ಅಲ್ಲ, ಬಾಣಂತಿ ಕದ್ದು ಒಂದೇ ಒಂದು ಸೀಬೆಹಣ್ಣು ತಿಂದಿದ್ರೆ, ಮಗೀಗೆ ವಾಂತಿಭೇದಿ ಆಗಿ, ಮಗು ಹೋಗ್ಬುಡ್ತದಾ?"

ಯಾರ ಮಗು ಎಂದು ಡಾಕ್ಟರಮ್ಮ ಕೇಳಿದರು, ಅತ್ತೆ ತುಂಡುತುಂಡಾಗಿ ಹೇಳಿದರು. ನನ್ನ ಗಂಡನಿಗಿಂತ ಮೊದಲು ಅತ್ತೆಗೆ ಒಂದು ಹೆಣ್ಣುಮಗು ಹುಟ್ಟಿತ್ತು ಎಂಬುದು ನನಗೆ ಗೊತ್ತಾದದ್ದು ಆ ಕ್ಷಣ. ನನ್ನ ಗಂಡನ ಮುಖ ನೋಡಿದೆ, ಅವರಿಗೂ ಆಗಲೇ ಗೊತ್ತಾಗುತ್ತಿತ್ತು. ಬಾಣಂತಿ ಕೋಣೆಯಲ್ಲಿ ಹಸಿವು ತಾಳಲಾರದೆ ಹುಡುಗಿಯೊಬ್ಬಳು ಹಿತ್ತಲಿನ ಗಿಡದಿಂದ ಒಂದು ಹಣ್ಣು ಕಿತ್ತು ತಿಂದಿದ್ದಾಳೆ. ಯಾರಿಗೂ ಹೇಳಿಲ್ಲ. ಆಮೇಲೆ ಗಂಡು ಹೆತ್ತು, ಬೆಳೆಸಿ, ಮದುವೆ ಮಾಡಿ, ಬೀಗರ ಮನೆಗೆ ಬಂದು, ಸೊಸೆಯ ತಟ್ಟೆಯಿಂದ ಒಂದೊಂದೇ ಪದಾರ್ಥ ತೆಗೆಯುತ್ತ ಕೂತಿದ್ದಾಳೆ. ಅದು ದರ್ಪವಲ್ಲ, ಭಯ ಎಂದು ನನಗೆ ಹೇಗೆ ತಿಳಿಯಬೇಕಿತ್ತು?

ಡಾಕ್ಟರಮ್ಮ ತಮ್ಮ ಕುರ್ಚಿಯನ್ನು ಅತ್ತೆಯ ಹತ್ತಿರಕ್ಕೆ ಎಳೆದುಕೊಂಡರು. "ಇಲ್ಲಮ್ಮ. ತಾಯಿ ತಿಂದ ಹಣ್ಣಿಂದ ಮಗು ಸಾಯಲ್ಲ. ಅದಕ್ಕೆ ಬೇರೆ ಏನೋ ಕಾಯಿಲೆ ಬಂದಿರುತ್ತೆ. ನೀವು ತಿಂದಿದ್ದಕ್ಕಲ್ಲ."

"ಇನ್ನೊಂದ್ಸಲ ಹೇಳಿ," ಎಂದರು ಅತ್ತೆ.

ಡಾಕ್ಟರಮ್ಮ ಇನ್ನೊಂದು ಸಲ ಹೇಳಿದರು.

ವಾಪಸ್ಸು ಬರುವಾಗ ವ್ಯಾನಿನಲ್ಲಿ ಅಮ್ಮ ಯಾವ ಉದಾಹರಣೆಯನ್ನೂ ತೆಗೆಯಲಿಲ್ಲ. ದಾರಿಯಲ್ಲಿ ಮಗು ಎದ್ದಿತು. ನಾನು ಸೆರಗು ಮುಚ್ಚಿಕೊಂಡು ಹಾಲು ಕುಡಿಸಿದೆ. ಗಾಳಿ ಬೀಸದಂತೆ ಅತ್ತೆ ಕಿಟಕಿಗೆ ಬೆನ್ನು ಕೊಟ್ಟು ಕೂತರು.

ಸಂಜೆ ದೀಪ ಹಚ್ಚಿದ ಹೊತ್ತಿಗೆ ಮಗಳು ಡಾಕ್ಟರಮ್ಮನ ಮಾತನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಶುರುಮಾಡಿದಳು. ಅಮ್ಮ ಅಭ್ಯಾಸಬಲದಿಂದ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ಅವಳು ಬಾಯಿ ತೆರೆಯುವ ಮೊದಲೇ ಅತ್ತೆ ಮಗುವನ್ನು ಎತ್ತಿ ಭುಜಕ್ಕೆ ಹಾಕಿಕೊಂಡು, ಬೆನ್ನು ತಟ್ಟುತ್ತ ನಡುಮನೆಯಲ್ಲಿ ಓಡಾಡತೊಡಗಿದರು.

"ಅವ್ಳೇನೂ ತಿಂದಿಲ್ಲ ಕಣವ್ವ," ಎಂದರು ಮಗುವಿಗೆ. "ನಿಮ್ಮವ್ವ ಏನೂ ತಪ್ಪು ಮಾಡಿಲ್ಲ."

ಮಗು ಅಳುತ್ತಲೇ ಇತ್ತು. ಅತ್ತೆ ಆ ಮಾತನ್ನು ಬಿಡದೆ ಹೇಳುತ್ತಲೇ ಇದ್ದರು, ಧ್ವನಿ ಒಡೆದ ಮೇಲೂ.