ಶಾಯಿಯಲ್ಲಿ ಬರೆದ ಹೆಸರು
ಪೆನ್ಸಿಲ್ವೇನಿಯಾದ ಆ ಉಕ್ಕಿನ ಕಾರ್ಖಾನೆಯ ಊರಿನಲ್ಲಿ ಓಟಿಲಿಯಾ ಹ್ರಿಂಕೊ ನೋಟ್‌ಬುಕ್ ಹಿಡಿದು ಬಂದಳೆಂದರೆ ನೆಂಟರೆಲ್ಲ ಮೆಲ್ಲಗೆ ಜಾಗ ಖಾಲಿ ಮಾಡುತ್ತಿದ್ದರು. ಮದುವೆಯೂಟದಲ್ಲಿ ಎಲೆಕೋಸಿನ ಸುರುಳಿ ಬಾಯಿಗಿಡುವ ಮುಂಚೆಯೇ ಅವಳ ಪ್ರಶ್ನೆ: “ನಿಮ್ಮಜ್ಜ ಸ್ಲೊವಾಕಿಯಾದಲ್ಲಿ ಯಾವ ಹಳ್ಳಿ ಬಿಟ್ಟು ಹಡಗು ಹತ್ತಿದ್ದು? ಹೇಳಿ ಆಮೇಲೆ ತಿನ್ನು.” ಸಾವಿನ ಮನೆಯಲ್ಲೂ ಮೊದಲು ಕೇಳುವುದು ಹುಟ್ಟಿದ ತಾರೀಖನ್ನೇ. ವಂಶವೃಕ್ಷದಲ್ಲಿ ಮುನ್ನೂರು ಜನರನ್ನು ಪೆನ್ಸಿಲಿನಲ್ಲಿ ಬರೆದಿದ್ದವಳು ತನ್ನೊಬ್ಬಳ ಹೆಸರನ್ನು ಮಾತ್ರ ಶಾಯಿಯಲ್ಲಿ ಬರೆದಿದ್ದಳು, ಅದರಲ್ಲೇನು ತಪ್ಪಾದೀತು ಎಂದು. ಮೊನ್ನೆ ಇಗರ್ಜಿಯ ಹಳೆಯ ಪುಸ್ತಕದಲ್ಲಿ, ಸತ್ತವರ ಸಾಲಿನಲ್ಲಿ, ಅದೇ ಹೆಸರು ಕಂಡಿತು. ಅದೇ ಅಪ್ಪ, ಅದೇ ಅಮ್ಮ. ವಯಸ್ಸು ಎರಡು, ಗಂಟಲಮಾರಿ. ಸತ್ತದ್ದು ತಾನು ಹುಟ್ಟುವ ಹಿಂದಿನ ವರ್ಷ. ಆ ಸಾಲನ್ನು ನೋಟ್‌ಬುಕ್ಕಿಗೆ ಬರೆದುಕೊಂಡು, ತೊಂಬತ್ತು ದಾಟಿದ ಸೋದರತ್ತೆ ವೆರೋನಾಳ ಮುಂದೆ ಹಿಡಿದಳು. “ಅದು ನಿನ್ನಕ್ಕ ಕಣೇ. ಮಗು ಹೋದ್ರೆ ಮುಂದಿಂದಕ್ಕೆ ಅದೇ ಹೆಸರಿಡೋದು ನಮ್ಮೋರಲ್ಲಿ ಇದ್ದಿದ್ದೇ. ಎಲ್ರಿಗೂ ಗೊತ್ತಿತ್ತು.” “ನಂಗ್ಯಾಕೆ ಹೇಳ್ಲಿಲ್ಲ, ಅತ್ತೆ?” “ಊರೋರ ಮನೇದೆಲ್ಲ ಕೇಳ್ದೆ. ನಿಂದು ಯಾವತ್ತು ಕೇಳ್ದೆ?” ಚಿಕ್ಕಂದಿನಲ್ಲಿ ಅಮ್ಮ ಸಂಜೆ ಬಾಗಿಲಲ್ಲಿ ನಿಂತು ತನ್ನ ಹೆಸರು ಹಿಡಿದು ಕೂಗುತ್ತಿದ್ದುದು ಓಟಿಲಿಯಾಗೆ ನೆನಪಾಯಿತು. ಮೊದಲ ಕೂಗಿಗೇ ಓಡಿಬಂದು ಎದುರಿಗೆ ನಿಂತರೂ ಅಮ್ಮ ಬೀದಿಯತ್ತ ನೋಡುತ್ತಾ ಇನ್ನೊಮ್ಮೆ ಕೂಗುತ್ತಿದ್ದಳು.