ಬಾಗಿಲು ತೆಗೆಯಲು ಬಾರದ ಅಜ್ಜಿ

ಕನ್ನಡಿ ಬಹಳ ಮರ್ಯಾದಸ್ಥ ವಸ್ತು. ನಾವು ಸೆರಗು ಸರಿಮಾಡಿಕೊಂಡು, ಕತ್ತನ್ನು ಒಂಚೂರು ಓರೆ ಮಾಡಿ ನಿಂತ ಮೇಲೆಯೇ ಅದು ನಮ್ಮನ್ನು ನಮಗೆ ತೋರಿಸುತ್ತದೆ. ಸಿನಿಮಾ ಪರದೆಗೆ ಆ ದಾಕ್ಷಿಣ್ಯವಿಲ್ಲ. ನಡೆಯುವಾಗ ನಾನು ಬಾತುಕೋಳಿಯ ಹಾಗೆ, ಅಳುವಾಗ ಸೀನು ತಡೆದವಳ ಹಾಗೆ ಕಾಣುತ್ತೇನೆ ಎಂಬುದು ನನಗೆ ಐವತ್ತು ದಾಟಿದ ಮೇಲೆ, ಹೋದ ಡಿಸೆಂಬರಿನಲ್ಲಿ ತಿಳಿಯಿತು. ದುಃಖದ ಸಂಗತಿಯೆಂದರೆ, ಮಸ್ಕಿಯ ಚರ್ಚಿನ ಅಂಗಳದಲ್ಲಿ ಕೂತಿದ್ದ ಅಷ್ಟೂ ಜನಕ್ಕೆ ಅದೇ ಹೊತ್ತಿಗೆ ತಿಳಿಯಿತು.

ನಾನು ಸಿಂಧನೂರಿನಲ್ಲಿ ಕನ್ನಡ ಕಲಿಸುವವಳು. ನನ್ನ ಹಳೆಯ ವಿದ್ಯಾರ್ಥಿ ದೇವಪುತ್ರ ಮಸ್ಕಿಯಲ್ಲಿ ಮದುವೆಗಳ ವಿಡಿಯೋ ತೆಗೆಯುತ್ತಾನೆ. ಒಂದು ಮಧ್ಯಾಹ್ನ ಶಾಲೆಗೆ ಬಂದವನು ನೇರವಾಗಿ ಕೇಳಿದ.

"ಅಕ್ಕೋರ, ಕ್ರಿಸ್‌ಮಸ್‌ಗೆ ಒಂದು ಫ್ಯಾಮಿಲಿ ಸಿನಿಮಾ ಮಾಡಾಕತ್ತೀನಿ. ನೀವು ಅದರಾಗ ಅಜ್ಜಿ ಆಗಬೇಕ್ರಿ."

"ನಾನ ಯಾಕೋ? ನಿಮ್ಮ ಮಂದ್ಯಾಗ ಅಜ್ಜಿಗೋಳು ಇಲ್ಲೇನು?"

"ಅದಾರ್ರಿ. ಆದ್ರ ನಿಮ್ಮಂಥಾ ಸಿಟ್ಟಿನ ಮುಖ ಯಾರಿಗೂ ಇಲ್ರಿ."

ನಾನು ಇದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ. ಮನುಷ್ಯರು ಕೆಡುವುದು ಹೀಗೆಯೇ.

ಕಥೆ ಸರಳವಾಗಿತ್ತು. ಮಗಳು ತಾನು ಮೆಚ್ಚಿದವನನ್ನು ಮದುವೆಯಾಗುತ್ತಾಳೆ, ತಾಯಿ ಬಾಗಿಲು ಮುಚ್ಚುತ್ತಾಳೆ. ಕೆಲವು ವರ್ಷಗಳಾದ ಮೇಲೆ ಕ್ರಿಸ್‌ಮಸ್ ದಿನ ಮಗಳು ಕೂಸನ್ನೆತ್ತಿಕೊಂಡು ಬಂದು ಬಾಗಿಲು ಬಡಿಯುತ್ತಾಳೆ, ತಾಯಿ ತೆಗೆಯುತ್ತಾಳೆ. ಅಷ್ಟೇ. "ಇದರಾಗ ಹೊಸಾದು ಏನೈತೋ?" ಎಂದು ಮೇಷ್ಟರಿಕೆ ತೋರಿಸಿದೆ. ದೇವಪುತ್ರ ದನಿ ತಗ್ಗಿಸಿದ.

"ಇದು ನಮ್ಮ ಮನಿದಾ ಕತಿ ರೀ. ಅಕ್ಕ ಸುಗುಣ ಮುಕ್ಕುಂದದಾಗ ಅದಾಳ, ಅವ್ವ ತುರ್ವಿಹಾಳದಾಗ. ಮದುವಿ ಆದಾಗಿಂದ ಇಬ್ಬರಿಗೂ ಮಾತಿಲ್ಲ. ನಾ ಬಾಯಿಲೆ ಹೇಳಿ ಸಾಕಾಗೈತಿ. ಸಿನಿಮಾ ನೋಡಿಯರ ಅವ್ವ ಅಕ್ಕನ್ನ ಕರೀತಾಳೇನೋ ಅಂತ."

ಒಂದು ಮನೆಯ ಬಾಗಿಲು ನನ್ನ ಕೈಯಲ್ಲಿತ್ತು. ಅಂಥ ಹೊಣೆ ಬಿದ್ದವಳು ಎರಡು ದಿನ ಅಭ್ಯಾಸ ಮಾಡಬೇಕಿತ್ತು. ನಾನು ಲಿಂಗಸುಗೂರಿನ ನಾದಿನಿಗೆ ಫೋನು ಹಚ್ಚಿ, "ನಾ ಸಿನಿಮಾದಾಗ ಮಾಡಾಕತ್ತೀನಿ" ಎಂದು ಹೇಳುವುದರಲ್ಲೇ ಆ ದಿನಗಳನ್ನು ಕಳೆದೆ.

ಕ್ರಿಸ್‌ಮಸ್ ಎಂದರೆ ಹಿಮ ಬೀಳಲೇಬೇಕು ಎಂಬುದು ದೇವಪುತ್ರನ ನಂಬಿಕೆ. ನಮ್ಮ ಕಡೆ ಡಿಸೆಂಬರಿನಲ್ಲೂ ಹನ್ನೆರಡು ಗಂಟೆಯ ಬಿಸಿಲಿಗೆ ಬಂಡೆ ಕಾಯುತ್ತದೆ. ಆ ಬಿಸಿಲಲ್ಲಿ ಉಣ್ಣೆಯ ಸ್ವೆಟರು ತೊಟ್ಟು ನಾನು ಬೆವರುತ್ತಿದ್ದರೆ, ಮಾಳಿಗೆಯ ಮೇಲಿಂದ ಮೊರದಲ್ಲಿ ಹಿಮ ಸುರಿಯುತ್ತಿದ್ದರು. ಹಿಮ ಎಂದರೆ ಮಂಡಾಳು, ಅಂದರೆ ಮಂಡಕ್ಕಿ, ಬೆಳಿಗ್ಗೆ ಒಗ್ಗರಣೆ ಹಾಕಿ ಮಿರ್ಚಿಯ ಜೊತೆ ತಿನ್ನುತ್ತೇವಲ್ಲ, ಅದೇ. ಪಕ್ಕದ ಮನೆಯ ಆಡಿಗೂ ಇದು ಗೊತ್ತಿತ್ತು. ಹೊಸ್ತಿಲ ಮುಂದೆ ಬಿದ್ದ ಹಿಮವನ್ನೆಲ್ಲ ಅದು ನೆಮ್ಮದಿಯಾಗಿ ತಿಂದಿತು. "ಇರಲಿ ಬಿಡ್ರಿ, ನ್ಯಾಚುರಲ್ ಕಾಣತೈತಿ" ಎಂದ ನಿರ್ದೇಶಕ. ಇನ್ನು ನನ್ನ ವಿಭೂತಿ. ಮುಂಜಾನೆ ಪೂಜೆ ಮುಗಿಸಿ ಹಚ್ಚಿಕೊಂಡಿದ್ದನ್ನು ಕೆಲವು ದೃಶ್ಯಗಳಿಗೆ ಮುಂಚೆ ಒರೆಸಿಕೊಂಡಿದ್ದೆ, ಕೆಲವಕ್ಕೆ ಮರೆತಿದ್ದೆ. ಹೀಗಾಗಿ ಚಿತ್ರದ ಅಜ್ಜಿ ಕೋಣೆಯಲ್ಲಿ ಕ್ರೈಸ್ತಳು, ಪಡಸಾಲೆಯಲ್ಲಿ ಲಿಂಗಾಯತಳು.

ಪ್ರದರ್ಶನ ಹಬ್ಬಕ್ಕೆ ಎರಡು ದಿನ ಮುಂಚೆ, ಸಂಜೆ. ನಾದಿನಿ ರೇಷ್ಮೆ ಸೀರೆ ಉಟ್ಟು ನನ್ನ ಪಕ್ಕ ಕೂತಳು. ಮುಂದಿನ ಸಾಲಿನಲ್ಲಿ ದೇವಪುತ್ರನ ತಾಯಿ ಮರಿಯಮ್ಮ. ಸಣ್ಣ ಆಳು, ನೆಟ್ಟಗೆ ಕೂತಿದ್ದರು. ಮೊದಮೊದಲು ಎಲ್ಲ ಸುಮಾರಾಗಿಯೇ ನಡೆಯಿತು. ನಾನು ಅಳುವ ಕಡೆಯಲ್ಲೆಲ್ಲ ಪರದೆಯ ಮೇಲೆ ಗುಲಾಬಿ ಹೂ ಅರಳಿ ಮುಂದಿನ ದೃಶ್ಯ ಬರುತ್ತಿತ್ತು. ಮದುವೆ ವಿಡಿಯೋದ ಅಭ್ಯಾಸ, ಅದನ್ನೂ ತಡೆದುಕೊಂಡೆ. ಆಮೇಲೆ ಬಾಗಿಲು ಬಂತು.

ಹೊರಗಿನಿಂದ ಮಗಳು "ಯವ್ವಾ" ಎಂದು ಕೂಗಿದಳು. ನಾನು ಗದ್ಗದಿತಳಾಗಿ ಓಡಿಹೋಗಿ ಬಾಗಿಲನ್ನು ನೂಕಿದೆ. ಅದು ಒಳಗೆ ತೆರೆಯುವ ಬಾಗಿಲು. ಮತ್ತೆ ನೂಕಿದೆ. ಭುಜ ಕೊಟ್ಟೆ. ಆಗಲಿಲ್ಲವೆಂದು ತಿರುಗಿ ನೇರ ಕ್ಯಾಮೆರಾವನ್ನು ನೋಡಿದೆ, ಹಿಂದಿನ ಬೆಂಚಿನವರನ್ನು ನೋಡುವ ಹಾಗೆ. ಅಷ್ಟರಲ್ಲಿ ಮಗಳ ಪಾತ್ರದ ಹುಡುಗಿ ಹೊರಗಿನಿಂದ ತಾನೇ ನೂಕಿದಳು. ಬಾಗಿಲು ನನ್ನ ಮೂಗಿಗೆ ಬಡಿಯಿತು. ಮಗಳಿಗಿಂತ ಮೊದಲು ಆಡು ಒಳಗೆ ಬಂತು. ಬೆಳಕು ಹೋಗುತ್ತಿದೆಯೆಂದು ದೇವಪುತ್ರ ಆ ದೃಶ್ಯವನ್ನು ಮತ್ತೆ ತೆಗೆದಿರಲಿಲ್ಲ.

ಅಂಗಳಕ್ಕೆ ಅಂಗಳವೇ ನಕ್ಕಿತು. ನಾದಿನಿ ಬಾಯಿಗೆ ಸೆರಗು ತುರುಕಿಕೊಂಡಳು. ನಮ್ಮ ಲಾಕ್ಷಣಿಕರು ಶೋಕಕ್ಕೂ ಹಾಸಕ್ಕೂ ಭಯಕ್ಕೂ ಸ್ಥಾಯಿಯ ಪಟ್ಟ ಕಟ್ಟಿದರು; ನಾಚಿಕೆಯನ್ನು ಮಾತ್ರ ಸಂಚಾರಿ ಭಾವ, ಬಂದು ಹೋಗುವಂಥದ್ದು ಎಂದರು. ಅವರಲ್ಲಿ ಯಾರೂ ತಮ್ಮ ನಾದಿನಿಯ ಪಕ್ಕ ಕೂತು ತಾವು ನಟಿಸಿದ ಸಿನಿಮಾ ನೋಡಿರಲಿಕ್ಕಿಲ್ಲ. ನನ್ನ ನಾಚಿಕೆ ಬಂದದ್ದು ಕಿವಿಯಲ್ಲೇ ಮನೆ ಕಟ್ಟಿ ಕೂತಿತು. ಎದ್ದು ಹೋಗಬೇಕೆಂದು ತಿರುಗಿದರೆ, ಗೋಡೆಗೆ ಆನಿಕೊಂಡು ತಲೆಯ ಮೇಲೆ ಕೈ ಹೊತ್ತು ನಿಂತ ದೇವಪುತ್ರ ಕಂಡ. ಅವನು ತನ್ನ ತಾಯಿಯ ಬೆನ್ನನ್ನೇ ನೋಡುತ್ತಿದ್ದ. ನಾನು ಮತ್ತೆ ಕುಸಿದು ಕೂತೆ. ನನ್ನದೇನು, ಮೂಗು ಹೋಯಿತು. ಅವನದು ಮನೆಯೇ ಹೋಗಿತ್ತು.

ಮರಿಯಮ್ಮನ ಭುಜ ಕುಲುಕುತ್ತಿತ್ತು. ಅವರೂ ನಗುತ್ತಿದ್ದರು. ಎಲ್ಲರ ನಗು ಇಳಿದರೂ ಹೆಂಗಸರ ಕೊನೆಯ ಸಾಲಿನಿಂದ ಒಂದು ನಗು ಇಳಿಯಲಿಲ್ಲ. ಬಿಕ್ಕಳಿಕೆಯ ಹಾಗೆ ಎಳೆದೆಳೆದು ಬರುತ್ತಿತ್ತು. ಮರಿಯಮ್ಮ ಥಟ್ಟನೆ ಸುಮ್ಮನಾದರು. ಎದ್ದು ಹಿಂದೆ ತಿರುಗಿದರು.

"ಅದು ನಮ್ಮ ಸುಗುಣನ ನಗಿ ಅಲ್ಲೇನು?"

ತಾಯಿಗೆ ಕಾಣದ ಹಾಗೆ ಬಂದು ಕೂತಿದ್ದ ಸುಗುಣ ಎದ್ದು ನಿಂತಳು. ಮಡಿಲಲ್ಲಿದ್ದ ಕೂಸು ಅವಳ ಹೆಗಲೇರಿತು. ಪರದೆಯ ಮೇಲೆ ನಾನು ಅಳುತ್ತಲೇ ಇದ್ದೆ, ಯಾರೂ ನೋಡುತ್ತಿರಲಿಲ್ಲ. ಮರಿಯಮ್ಮ ಕುರ್ಚಿಗಳ ನಡುವೆ ಹಾಯ್ದು ಅಲ್ಲಿಗೆ ಹೋದರು.

"ನಿನ್ನ ತಮ್ಮ ತೋರಿಸ್ಯಾನಲ್ಲ, ನಾ ಅಷ್ಟು ಕೆಟ್ಟಾಕಿ ಏನ ಬೇ?"

"ನೀ ಇನ್ನಾ ಕೆಟ್ಟಾಕಿ ಯವ್ವಾ," ಎಂದಳು ಸುಗುಣ. ಅವಳ ಕಣ್ಣು ತುಂಬಿತ್ತು. "ಆ ಅಜ್ಜಿ ತೆಗ್ಯಾಕರ ನೋಡಿದ್ಲು. ನೀ ಬಾಗಲದ ಸನೇಕ ಬರಲಿಲ್ಲ."

ಮರಿಯಮ್ಮ ಕೂಸಿನ ಕಾಲು ಮುಟ್ಟಿ ನೋಡಿದರು. ಆಮೇಲೆ ನನ್ನ ಕಡೆ ಕೈ ತೋರಿಸಿದರು.

"ಆ ಅಕ್ಕೋರಿಗಿಂತ ನಾ ಚೊಲೋ ತೆಗೀತೀನಿ. ಹಬ್ಬಕ್ಕ ಬಾ. ಗಂಡನ್ನೂ ಕರಕೊಂಡು ಬಾ."

ಮನೆಗೆ ಬಂದ ಮೇಲೆ ಇದನ್ನು ಬಹಳ ಯೋಚಿಸಿದೆ. ನಾನು ಚೆನ್ನಾಗಿ ನಟಿಸಿದ್ದರೆ ಮರಿಯಮ್ಮ ಕಣ್ಣೊರೆಸಿಕೊಂಡು, "ಪಾಪ, ಎಷ್ಟು ಚೆಂದ ಅತ್ತಳು" ಎಂದು ಮನೆಗೆ ಹೋಗಿಬಿಡುತ್ತಿದ್ದರೇನೋ. ಒಳ್ಳೆಯ ಸಿನಿಮಾ ಅಳುವುದನ್ನು ತಾನೇ ಮಾಡಿ ಮುಗಿಸುತ್ತದೆ. ಕೆಟ್ಟ ಸಿನಿಮಾ ನಮಗೂ ಒಂದಿಷ್ಟು ಕೆಲಸ ಉಳಿಸುತ್ತದೆ. ಇದು ಸಮಾಧಾನಕ್ಕೆ ಹೇಳಿಕೊಂಡ ಮಾತೆಂದು ಗೊತ್ತು, ಕಿವಿ ತಣ್ಣಗಾಗಲಿಲ್ಲ.

ಹಬ್ಬದ ದಿನ ತುರ್ವಿಹಾಳಕ್ಕೆ ನನಗೂ ಕರೆ ಬಂತು. ನಾನು ಹೋಗಿ ಬಾಗಿಲು ಬಡಿದೆ. ಮರಿಯಮ್ಮ ತೆಗೆದರು, ನನ್ನನ್ನು ನೋಡಿದರು, ಮತ್ತೆ ಮುಚ್ಚಿದರು. ಬಾಗಿಲು ಮೆಲ್ಲಗೆ ಮತ್ತೆ ತೆರೆಯಿತು.

"ನೋಡ್ರಿ ಅಕ್ಕೋರ, ಹಿಂಗ ಒಳಗ ಎಳೀಬೇಕು. ನೂಕಬಾರದು."

ಒಳಗಿನಿಂದ ಬಿಕ್ಕಳಿಕೆಯಂಥ ನಗು ಕೇಳಿಸಿತು. ನಾಚಿ ತಲೆ ತಗ್ಗಿಸಿದೆ. ಹೇಗೂ ಅದು ಗಿಡ್ಡ ಬಾಗಿಲು. ತಲೆ ತಗ್ಗಿಸದೆ ಯಾರೂ ಒಳಗೆ ಹೋಗುವಂತಿರಲಿಲ್ಲ.