ಒಳಗೆ ಹೋಗುವ ಮೊದಲೇ ಹೊರಗೆ ಬಂದ ಗೇರು

ನಾನು ಬರೆದ ಮೊದಲ ಪ್ರೋಗ್ರಾಮಿನ ಪ್ರಕಾರ, ಪೀಣ್ಯದ ಒಂದು ಕಾರ್ಖಾನೆಯಲ್ಲಿ ಒಂದು ಸೋಮವಾರ ಇಪ್ಪತ್ತು ಗೇರುಗಳು, ಎಂದರೆ ಉಕ್ಕಿನ ಹಲ್ಲುಚಕ್ರಗಳು, ಬೆಳಿಗ್ಗೆ ಒಂಬತ್ತು ಗಂಟೆ ಒಂದು ನಿಮಿಷಕ್ಕೆ ಕುಲುಮೆಯ ಒಳಗೆ ಹೋಗಿ, ಎಂಟು ನಲವತ್ತೈದಕ್ಕೆ ಕಾದು ಕೆಂಪಾಗಿ ಹೊರಗೆ ಬಂದವು. ಒಳಗೆ ಹೋಗುವುದಕ್ಕೆ ಹದಿನಾರು ನಿಮಿಷ ಮುಂಚೆಯೇ ಹೊರಗೆ. ಆ ಗೇರುಗಳನ್ನು ಕೊಳ್ಳುತ್ತಿದ್ದ ದೊಡ್ಡ ಫ್ಯಾಕ್ಟರಿಯವರು ಹಾಳೆಯ ಮೇಲೆ ಕೆಂಪು ಪೆನ್ನಿನಲ್ಲಿ ಒಂದು ಸುತ್ತು ಹಾಕಿ, ಪಕ್ಕದಲ್ಲಿ ಮೂರು ಪ್ರಶ್ನಾರ್ಥಕ ಚಿಹ್ನೆ ಬರೆದು ವಾಪಸ್ಸು ಕಳಿಸಿದರು. ಒಂದು ಸಾಕಾಗುತ್ತಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ತೊಂಬತ್ತರ ದಶಕದ ನಡುಮಧ್ಯದ ಮಾತಿದು. ಪೀಣ್ಯ ಎರಡನೇ ಹಂತದಲ್ಲಿ, ಒಂದು ಲೇತ್ ಅಂಗಡಿಯ ಮಹಡಿಯ ಮೇಲೆ ನಮ್ಮ ಸಾಫ್ಟ್‌ವೇರ್ ಕಂಪನಿ ಇತ್ತು. ಕಂಪನಿ ಎಂದರೆ ಬಾಸು, ನಾನು ಮತ್ತು ಒಂದು ಫ್ಯಾನು. ಕೆಳಗೆ ಲೇತು ಶುರುವಾದರೆ ಮೇಲೆ ನನ್ನ ಕೀಬೋರ್ಡು ತಾನಾಗಿಯೇ ನಡೆದುಕೊಂಡು ಮೇಜಿನ ಅಂಚಿಗೆ ಹೋಗುತ್ತಿತ್ತು. ಆರು ತಿಂಗಳು ಪ್ರೊಬೇಶನ್ನಿನಲ್ಲಿದ್ದೆ, ಐದು ಮುಗಿದಿತ್ತು. ಎರಡು ರಸ್ತೆ ಆಚೆ, ಗೇರುಗಳನ್ನು ಕಾಯಿಸಿ ಗಟ್ಟಿಮಾಡುವ ಹೀಟ್ ಟ್ರೀಟ್‌ಮೆಂಟ್ ಕಾರ್ಖಾನೆಗೆ ನಾನು ಮಾಡಿಕೊಟ್ಟ ಪ್ರೋಗ್ರಾಮು ಕುಲುಮೆಯ ಶಾಖವನ್ನು ನಿಮಿಷಕ್ಕೊಮ್ಮೆ ಓದಿ, ಪಕ್ಕದಲ್ಲಿ ಸಮಯ ಹಾಕಿ, ಒಂದೊಂದೇ ಸಾಲು ಅಚ್ಚು ಹಾಕುತ್ತಿತ್ತು. ಗೇರು ಎಷ್ಟು ಹೊತ್ತು ಬೆಂದಿದೆ ಎನ್ನುವುದಕ್ಕೆ ಆ ಹಾಳೆಯೇ ಸಾಕ್ಷಿ. ಸಾಕ್ಷಿಯೇ ಹೀಗೆ ಬಾಯಿಗೆ ಬಂದದ್ದು ಹೇಳಿದರೆ ಗೇರನ್ನು ಯಾರು ನಂಬುತ್ತಾರೆ.

ಬಾಸು ಕೂಗಾಡುವವರಲ್ಲ. ಅದೇ ಕಷ್ಟ. ಹಾಳೆಯನ್ನು ನನ್ನ ಮುಂದೆ ಇಟ್ಟು, "ಬರೋ ವಾರ ಶುಕ್ರವಾರ ಹನ್ನೊಂದು ಗಂಟೆಗೆ ಗೇರು ಕೊಳ್ಳೋರ ಕಡೆ ಇನ್‌ಸ್ಪೆಕ್ಟರ್ ಬಂದು, ಎದುರಿಗೇ ನಿಂತ್ಕೊಂಡು ಒಂದು ಬ್ಯಾಚ್ ನೋಡ್ತಾರಂತೆ. ಸರಿ ಇದ್ರೆ ಸರಿ. ಇಲ್ದೇ ಹೋದ್ರೆ ಸೋಮವಾರದಿಂದ ನೀವು ಬರೋದು ಬೇಡಮ್ಮ" ಎಂದರು. ಬಹಳ ಮೃದುವಾಗಿ ಹೇಳಿದರು, ಟೀಗೆ ಸಕ್ಕರೆ ಬೇಡ ಎನ್ನುವ ಹಾಗೆ.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಕೋಪ ಬಂದಾಗ ನನ್ನ ತಪ್ಪು ನನಗೆ ಕಾಣುವುದಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಮೊದಲು ಕಂಪ್ಯೂಟರಿನ ಒಳಗಿನ ಸೆಲ್ಲು ಸತ್ತಿದೆ ಎಂದೆ. ಹೊಸದು ಹಾಕಿಸಿದೆ. ಆಮೇಲೆ ಪಕ್ಕದ ವೆಲ್ಡಿಂಗ್ ಅಂಗಡಿಯಿಂದ ವೋಲ್ಟೇಜು ಎದ್ದು ಬಿದ್ದು ಆಗುತ್ತಿದೆ ಎಂದು ಅಲ್ಲಿಗೆ ಹೋಗಿ ಜಗಳ ಆಡಿದೆ. ವೆಲ್ಡರ್ ಕಣ್ಣಿನ ಗುರಾಣಿ ಎತ್ತಿ, "ಅಕ್ಕ, ನಾನು ವೆಲ್ಡಿಂಗ್ ಮಾಡಿದ್ರೆ ನಿಮ್ ಗಡಿಯಾರ ಯಾಕೆ ಮುಂದಕ್ಕೆ ಹೋಗತ್ತೆ?" ಎಂದು ಕೇಳಿದ. ಉತ್ತರ ಗೊತ್ತಿದ್ದವಳ ಹಾಗೆ ತಲೆ ಆಡಿಸಿ ಹೊರಟು ಬಂದೆ.

ವಿಚಿತ್ರವೆಂದರೆ ತಪ್ಪಾಗುತ್ತಿದ್ದದ್ದು ಒಂದೇ ಸಾಲು. ಬ್ಯಾಚಿನ ಮೊದಲನೆಯದು, 'ಸ್ಟಾರ್ಟ್' ಎಂದು ಬರುವ ಸಾಲು. ಅದರಲ್ಲಿ ಒಂಬತ್ತು ಒಂದು ಎಂದಿದ್ದರೆ, ಕೆಳಗಿನ ಸಾಲಿನಲ್ಲಿ ಎಂಟು ಹನ್ನೆರಡು, ಎಂಟು ಹದಿಮೂರು, ಎಂಟು ಹದಿನಾಲ್ಕು ಎಂದು ಮಿಕ್ಕಿದ್ದೆಲ್ಲ ಸಾಧುಗಳ ಹಾಗೆ ಸಾಲಾಗಿ ನಡೆಯುತ್ತಿದ್ದವು. ಅದೂ ಎಲ್ಲ ಬ್ಯಾಚಿಗಲ್ಲ, ದಿನಕ್ಕೆ ಒಂದಕ್ಕೆ ಮಾತ್ರ. ಆಫೀಸಿನಲ್ಲಿ ಕೂತು ಅದೇ ಪ್ರೋಗ್ರಾಮನ್ನು ನೂರು ಸಲ ಶುರು ಮಾಡಿದೆ. ನೂರು ಸಲವೂ ಸರಿಯಾಗಿತ್ತು.

ಕೊನೆಗೆ ಕಾರ್ಖಾನೆಯಲ್ಲೇ ಹೋಗಿ ಕೂತೆ. ಕುಲುಮೆಯ ಯಜಮಾನಿಕೆ ಅಲ್ಲಿನ ಫೋರ್‌ಮನ್ನರದು. ತುಮಕೂರು ಕಡೆಯವರು, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಕಲ್ನಾರಿನ ಕೈಗವಸು. ಇಪ್ಪತ್ತು ವರ್ಷದಿಂದ ಆ ಬೆಂಕಿಯ ಮುಂದೆ ನಿಂತವರು. ಕುಲುಮೆಯ ಬಾಗಿಲ ಸಂದಿಯಿಂದ ಬಣ್ಣ ನೋಡಿಯೇ ಎಷ್ಟು ಡಿಗ್ರಿ ಎಂದು ಹೇಳುತ್ತಿದ್ದರು, ನನ್ನ ಪ್ರೋಗ್ರಾಮು ಹೇಳುವುದಕ್ಕಿಂತ ಮುಂಚೆ. ನನ್ನನ್ನು ಕಂಡರೆ ಅವರಿಗೆ ಬಹಳ ಉಪಚಾರ.

"ಮೇಡಮ್ಮ, ಎದುರುಗಡೆ ಬೇಕರಿಗೆ ಟೀ ಏಳಿವ್ನಿ. ಬಿಸಿ ಇರಂಗೇ ಕುಡ್ಕೊಂಡು ಬನ್ನಿ" ಎನ್ನುತ್ತಿದ್ದರು. ನಾನು ಹೋಗಿ ಟೀ ಕುಡಿದು, ಜೊತೆಗೊಂದು ಬೆಣ್ಣೆ ಬಿಸ್ಕತ್ತು ತಿಂದು ಬರುವಷ್ಟರಲ್ಲಿ ಹೊಸ ಬ್ಯಾಚು ಶುರುವಾಗಿ, ಮೊದಲ ಸಾಲು ತಪ್ಪಾಗಿ ಕೂತಿರುತ್ತಿತ್ತು. ಮೂರು ದಿನ ಹೀಗೇ ಆಯಿತು. ಈ ಕಂಪ್ಯೂಟರಿಗೆ ನನ್ನನ್ನು ಕಂಡರೆ ನಾಚಿಕೆ ಎನ್ನುವ ತೀರ್ಮಾನಕ್ಕೆ ಬಂದೆ. ಇಂಜಿನಿಯರಿಂಗ್ ಓದಿದವಳ ತೀರ್ಮಾನ ಅದು.

ನಾಲ್ಕನೆಯ ದಿನ ಟೀ ಬೇಡ ಎಂದೆ. ಫೋರ್‌ಮನ್ನರು ಮತ್ತೆ ಕೇಳಿದರು. ಬೇಡ ಎಂದೆ. ಬಾದಾಮಿ ಹಾಲು ಹೇಳಲೇ ಎಂದರು. ಅದೂ ಬೇಡ ಎಂದೆ. ಅವರು ಕುಲುಮೆಯ ಸುತ್ತ ಒಂದು ಗಂಟೆ ಸುಮ್ಮನೆ ಓಡಾಡಿ, ಗೇರುಗಳನ್ನು ಒರೆಸಿ, ಎಣಿಸಿ, ಮತ್ತೆ ಒರೆಸಿ, ಆಮೇಲೆ ಬ್ಯಾಚು ಶುರು ಮಾಡಿದರು. ಸಮಯ ಕರೆಕ್ಟಾಗಿ ಬಂತು. ನಾನು ಬಾಸಿಗೆ ಫೋನು ಮಾಡಿ, "ಸರಿಹೋಯ್ತು ಸಾರ್" ಎಂದೆ. ಏನು ಮಾಡಿದೆ ಎಂದು ಅವರು ಕೇಳಿದರು. ಟೀ ಬಿಟ್ಟೆ ಎನ್ನಲು ಬಾಯಿ ಬರಲಿಲ್ಲ. ಮಾರನೆಯ ದಿನ ನಾನು ಹೋಗಲಿಲ್ಲ, ತಪ್ಪು ಮತ್ತೆ ಹಾಜರಾಯಿತು.

ಮನೆಯಲ್ಲಿ ಇದರದೇ ರಾಮಾಯಣ. ಜಾಲಹಳ್ಳಿಯಲ್ಲಿ ನಮ್ಮದು ಫ್ಯಾಕ್ಟರಿ ಕ್ವಾರ್ಟರ್ಸು. ಅಪ್ಪ ಒಂದು ಸರ್ಕಾರಿ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಗುಮಾಸ್ತರು, ಗೇಟಿನಲ್ಲಿ ತಡವಾಗಿ ಬಂದವರ ಹೆಸರು ಬರೆದುಕೊಳ್ಳುವುದೇ ಅವರ ಉದ್ಯೋಗ. "ಇಪ್ಪತ್ತೆಂಟು ವರ್ಷ ಎಂಟು ಸಾವಿರ ಜನರ ಟೈಮ್ ಬರ್ದಿದೀನಿ. ಒಬ್ಬನೂ ಬರೋಕೆ ಮುಂಚೆ ಹೋಗಿಲ್ಲ" ಎಂದು ಊಟದ ಮಧ್ಯೆ ಹೇಳಿದರು. ನಾನು ತಟ್ಟೆ ಬಿಟ್ಟು ಎದ್ದೆ, ಹಪ್ಪಳ ಮಾತ್ರ ತೆಗೆದುಕೊಂಡೆ.

ಇನ್‌ಸ್ಪೆಕ್ಟರ್ ಬರುವ ವಾರದ ಬುಧವಾರ ಸಂಜೆ, ತಪ್ಪಾದ ಸಾಲುಗಳನ್ನೆಲ್ಲ ವಾರದ ಲೆಕ್ಕದಲ್ಲಿ ಒಂದು ಹಾಳೆಗೆ ಇಳಿಸಿದೆ. ಸೋಮವಾರ ಒಂಬತ್ತು ಒಂದು. ಮಂಗಳವಾರ ನಾಲ್ಕು ಮೂವತ್ತೊಂದು. ಬುಧವಾರ ಒಂದು ಮೂವತ್ತೊಂದು. ಗುರುವಾರ ಮೂರು ಒಂದು. ಶುಕ್ರವಾರ ಹನ್ನೆರಡು ಒಂದು. ಶನಿವಾರ ಹತ್ತು ಮೂವತ್ತೊಂದು. ನಾನು ಟೀ ಬಿಟ್ಟ ದಿನ ಒಂದನ್ನು ಬಿಟ್ಟರೆ ಯಾವ ವಾರ ತೆಗೆದರೂ ಅದೇ. ಇದೆಂಥ ಬಗ್ ಎಂದು ನಾನು ತಲೆ ಚಚ್ಚಿಕೊಳ್ಳುತ್ತಿದ್ದಾಗ, ಅವರೆಕಾಯಿ ಸುಲಿಯುತ್ತಿದ್ದ ಅಮ್ಮ ಸಿಪ್ಪೆ ಹಾಕಲು ಕಾಗದ ಹುಡುಕುತ್ತಾ ಹಾಳೆ ಎತ್ತಿಕೊಂಡರು. ಒಂದು ಸಲ ಕಣ್ಣಾಡಿಸಿದರು.

"ರಾಹುಕಾಲ ಮುಗಿಯೋ ಟೈಮ್ ಯಾಕೇ ಬರ್ಕೊಂಡಿದೀಯ? ಕ್ಯಾಲೆಂಡರಲ್ಲೇ ಇದ್ಯಲ್ಲ" ಎಂದರು.

ನಾನು ಗೋಡೆಯ ಕ್ಯಾಲೆಂಡರಿನ ಮುಂದೆ ಹೋಗಿ ನಿಂತೆ. ಒಂದೊಂದೇ ವಾರ ಬೆರಳಿಟ್ಟು ನೋಡಿದೆ. ಎಲ್ಲದರಲ್ಲೂ ಒಂದೊಂದೇ ನಿಮಿಷ ಹೆಚ್ಚು. ಹತ್ತು ದಿನ, ಒಂದು ಸೆಲ್ಲು, ಒಬ್ಬ ವೆಲ್ಡರ್, ಎಲ್ಲಾ ಆದಮೇಲೆ ಅವರೆಕಾಯಿ ಸಿಪ್ಪೆಯ ಹತ್ತಿರ ಉತ್ತರ ಇತ್ತು. ನನಗೆ ನಗು ಬರಲಿಲ್ಲ, ಮೈಯೆಲ್ಲ ಉರಿಯಿತು.

ಗುರುವಾರ ಕಾರ್ಖಾನೆಗೆ ಹೋದಾಗ ಮಧ್ಯಾಹ್ನ ಒಂದೂವರೆ. ಫೋರ್‌ಮನ್ನರು ಟೀ ಎನ್ನುವ ಮುಂಚೆಯೇ ಹಾಳೆಯನ್ನು ಮುಖಕ್ಕೆ ಹಿಡಿದೆ. ಅವರು ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ಬೆಚ್ಚಲಿಲ್ಲ. ಯಾರಾದರೂ ಗಮನಿಸಿದರಲ್ಲ ಎಂದು ಸ್ವಲ್ಪ ಖುಷಿಯಾದ ಹಾಗೆಯೇ ಕಂಡರು.

"ನೀವೇ ಏಳ್ಕೊಟ್ಟಿದ್ದಲ್ವಾ ಮೇಡಮ್ಮ, ಎಫ್ ಐದು ಒತ್ತಿದ್ರೆ ಟೈಮ್ ಬದ್ಲಾಗ್ತದೆ ಅಂತ?"

ಹೌದು, ನಾನೇ. ಕಂಪ್ಯೂಟರಿನ ಗಡಿಯಾರ ಹಿಂದೆ ಮುಂದೆ ಆದರೆ ಸರಿಮಾಡಿಕೊಳ್ಳಲಿ ಎಂದು ಆ ಸೌಕರ್ಯ ಇಟ್ಟಿದ್ದೆ. ಯಾರು ಯಾವಾಗ ಒತ್ತಿದರು ಎಂದು ಬರೆದಿಡುವ ಬುದ್ಧಿ ಮಾತ್ರ ಇರಲಿಲ್ಲ. ರಾಹುಕಾಲದಲ್ಲಿ ಬ್ಯಾಚು ಹಾಕಬೇಕಾಗಿ ಬಂದಾಗ ಅವರು ಗಡಿಯಾರವನ್ನು ರಾಹುಕಾಲದಿಂದ ಆಚೆಗೆ ತಳ್ಳಿ, ಸ್ಟಾರ್ಟ್ ಒತ್ತಿ, ಮರುನಿಮಿಷವೇ ತಮ್ಮ ಕೈಗಡಿಯಾರ ನೋಡಿ ಸರಿಯಾದ ಸಮಯಕ್ಕೆ ತಂದು ನಿಲ್ಲಿಸುತ್ತಿದ್ದರು.

"ಶುರು ಒಂದು ಚೆನ್ನಾಗಿದ್ರೆ ಆಯ್ತು, ಆಮ್ಯಾಕೆ ನಡೆಯೋದಕ್ಕೆ ದೋಷ ಇಲ್ಲ. ಅದ್ಕೇ ತಕ್ಷಣ ಸರಿ ಮಾಡ್ತೀನಿ, ನಾನೇನು ಮೋಸಗಾರನಾ? ಇಪ್ಪತ್ತು ವರ್ಷದಾಗೆ ನಮ್ ರಿಜಿಸ್ಟರಿನಾಗೆ ಒಂದು ಬ್ಯಾಚೂ ರಾವುಕಾಲದಾಗೆ ಶುರುವಾಗಿಲ್ಲ. ಒಂದು ಗೇರೂ ಬಿರುಕು ಬಿಟ್ಟಿಲ್ಲ, ಒಬ್ರ ಕೈಯೂ ಸುಟ್ಟಿಲ್ಲ."

"ನಾಳೆ ಶುಕ್ರವಾರ. ಹತ್ತೂವರೆಯಿಂದ ಹನ್ನೆರಡು ರಾಹುಕಾಲ. ಇನ್‌ಸ್ಪೆಕ್ಟರ್ ಬರೋದು ಹನ್ನೊಂದಕ್ಕೆ. ನಾನು ಎಫ್ ಐದು ತೆಗೆದುಹಾಕ್ತೀನಿ" ಎಂದೆ.

"ತೆಗೀರಿ. ಗುಂಡಿನೂ ನೀವೇ ಒತ್ಕಳಿ. ನಾನು ಒತ್ತಕಿಲ್ಲ" ಎಂದು ಅವರು ಕೈಗವಸು ಕಳಚಿ ಸ್ಟೂಲಿನ ಮೇಲೆ ಇಟ್ಟರು.

ಅವರಿಲ್ಲದೆ ಆ ಕುಲುಮೆಯ ಬಾಗಿಲು ಕೂಡ ಯಾರಿಗೂ ತೆಗೆಯಲು ಬರುತ್ತಿರಲಿಲ್ಲ. ಚಾಡಿ ಹೇಳುವುದೊಂದೇ ದಾರಿ ಎಂದು ಓನರ್ ಕೋಣೆಯ ಕಡೆ ನಡೆದೆ. ಓನರು ಐಎಸ್‌ಒ ಸರ್ಟಿಫಿಕೇಟಿನ ಹುಚ್ಚು ಹಿಡಿದವರು, ಕಕ್ಕಸಿನ ಬಾಗಿಲಿಗೂ ಕಾರ್ಯವಿಧಾನ ಅಂಟಿಸಿದ್ದರು. ಅವರು ಕೇಳಿದರೆ ಫೋರ್‌ಮನ್ನರ ಗತಿ ಮುಗಿಯಿತು ಎಂದು ಗೊತ್ತಿದ್ದೂ ಹೋದೆ, ಅಷ್ಟು ಭಯ ನನಗೆ ನನ್ನ ಕೆಲಸದ್ದು. ಬಾಗಿಲು ತಟ್ಟಲು ಕೈ ಎತ್ತಿದಾಗ ಒಳಗೆ ಅವರು ಫೋನಿನಲ್ಲಿದ್ದರು. "ಅಗ್ರಿಮೆಂಟು ಮೂರು ಗಂಟೆ ಆದ್ಮೇಲೆ ಸೈನ್ ಮಾಡೋಣ ಸ್ವಾಮಿ. ಗುರುವಾರ ಅಲ್ವಾ ಇವತ್ತು" ಎನ್ನುತ್ತಿದ್ದರು.

ಎತ್ತಿದ ಕೈಯಿಂದ ಹಾಗೇ ತಲೆ ಕೆರೆದುಕೊಂಡು ವಾಪಸ್ಸು ಬಂದೆ.

ಮನೆಗೆ ಬಂದು ಅಮ್ಮನ ಮುಂದೆ ಅತ್ತೆ. ಅಮ್ಮನಿಗೆ ಇದು ಅಳುವ ವಿಷಯವೆಂದೇ ಅನಿಸಲಿಲ್ಲ. "ನಿಮ್ಮಪ್ಪ ರಾಹುಕಾಲದಲ್ಲಿ ಬಸ್ ಹತ್ತಬೇಕಾದಾಗ ನಾನೇನು ಬಸ್ ನಿಲ್ಲಿಸ್ತೀನಾ? ಮುಂಚೆನೇ ಅವರ ಚೀಲ ಪಕ್ಕದ ಮನೇಲಿ ಇಟ್ಟು ಬರ್ತೀನಿ. ಚೀಲ ಹೊರಟ್ರೆ ಆಳು ಹೊರಟ ಹಾಗೆ" ಎಂದರು. ನಿಜ. ಚಿಕ್ಕಂದಿನಿಂದ ನೋಡಿದ್ದೆ. ಶಾಸ್ತ್ರದ ಪ್ರಕಾರ ಅಪ್ಪ ಆಗಲೇ ಪ್ರಯಾಣದಲ್ಲಿರುತ್ತಿದ್ದರು, ವಾಸ್ತವವಾಗಿ ಬನಿಯನ್ನಿನಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಿರುತ್ತಿದ್ದರು.

ಶುಕ್ರವಾರ ಬೆಳಿಗ್ಗೆ ಬೇಗ ಆಫೀಸಿಗೆ ಹೋಗಿ ಪ್ರೋಗ್ರಾಮು ತಿದ್ದಿ, ಫ್ಲಾಪಿ ಹಿಡಿದುಕೊಂಡು ಕಾರ್ಖಾನೆಗೆ ಓಡಿದೆ. ಎಫ್ ಐದು ಒತ್ತಿದರೆ ಇನ್ನು ಸಮಯ ಬದಲಾಗುವುದಿಲ್ಲ, 'ಓಪನ್' ಎಂದು ಒಂದು ಸಾಲು ಅಚ್ಚಾಗುತ್ತದೆ. 'ಸ್ಟಾರ್ಟ್' ಎನ್ನುವ ಪದವನ್ನೇ ಅಳಿಸಿ 'ಲೋಡ್' ಎಂದು ಮಾಡಿದ್ದೆ. ಫೋರ್‌ಮನ್ನರಿಗೆ ಅಮ್ಮನ ಚೀಲದ ಕಥೆ ಹೇಳಿದೆ. ಅವರು ಕೈಗವಸು ಮತ್ತೆ ಹಾಕಿಕೊಳ್ಳುತ್ತಾ, "ನಿಮ್ ತಾಯಿ ಓದಿರೋರು" ಎಂದರು. ಹತ್ತು ಇಪ್ಪತ್ತಕ್ಕೆ ಹಲ್ಲು ಮುರಿದ ಒಂದು ಗುಜರಿ ಗೇರನ್ನು ಇಕ್ಕಳದಲ್ಲಿ ಹಿಡಿದು, ಕಣ್ಣಿಗೊತ್ತಿಕೊಂಡು, ಕುಲುಮೆಯ ಮೂಲೆಯಲ್ಲಿ ಇಟ್ಟು, ಎಫ್ ಐದು ಒತ್ತಿದರು.

ಹನ್ನೊಂದಕ್ಕೆ ಇನ್‌ಸ್ಪೆಕ್ಟರ್ ಬಂದರು. ಸಣ್ಣ ಮೀಸೆ, ದೊಡ್ಡ ಫೈಲು, ನಗುವಿನ ಅಭ್ಯಾಸವಿಲ್ಲದ ಮುಖ. ಹಿಂದೆ ಓನರು, ಅವರ ಹಿಂದೆ ನಮ್ಮ ಬಾಸು. ಹನ್ನೊಂದು ಐದಕ್ಕೆ ಫೋರ್‌ಮನ್ನರು ಆರಾಮಾಗಿ ಗೇರು ತುಂಬಿ ಗುಂಡಿ ಒತ್ತಿದರು. ಅರ್ಧ ಗಂಟೆ ಇನ್‌ಸ್ಪೆಕ್ಟರು ಒಂದೊಂದು ಸಾಲನ್ನೂ ತಮ್ಮ ಕೈಗಡಿಯಾರಕ್ಕೆ ಹೋಲಿಸಿ ನೋಡಿದರು. ಎಲ್ಲವೂ ಸರಿ ಇದ್ದವು. ಆಮೇಲೆ ಬೆರಳು ಹಾಳೆಯ ತುದಿಗೆ ಹೋಯಿತು.

"ಲೋಡ್ ಹನ್ನೊಂದು ಐದು. ಇದೇನ್ರೀ ಮೇಲ್ಗಡೆ, ಓಪನ್ ಹತ್ತು ಇಪ್ಪತ್ತು?"

ಸೋಮವಾರದಿಂದ ಮನೆಯಲ್ಲಿ ಅವರೆಕಾಯಿ ಸುಲಿಯುವುದು ಖಾತ್ರಿ ಎಂದುಕೊಂಡೆ. ಫೋರ್‌ಮನ್ನರು ಮುಂದೆ ಬಂದು, "ಒಂದು ಪೀಸು ಮೊದ್ಲೇ ಇಡ್ತೀವಿ ಸಾರ್" ಎಂದರು.

"ದಿನಾ ಹತ್ತು ಇಪ್ಪತ್ತಕ್ಕಾ?"

"ಇಲ್ಲ ಸಾರ್. ವಾರ ನೋಡ್ಕೊಂಡು."

ಇನ್‌ಸ್ಪೆಕ್ಟರು ಹಾಳೆ ನೋಡಿದರು. ಗೋಡೆಯ ಕ್ಯಾಲೆಂಡರು ನೋಡಿದರು. ಫೋರ್‌ಮನ್ನರ ಹಣೆಯ ವಿಭೂತಿ ನೋಡಿದರು. ಓನರು ಚಾವಣಿ ನೋಡುತ್ತಿದ್ದರು. ಇನ್‌ಸ್ಪೆಕ್ಟರು ಹಾಳೆಗೆ ಸಹಿ ಹಾಕಿ, ಪೆನ್ನಿನ ಮುಚ್ಚಳ ಹಾಕಿ, ಧ್ವನಿ ತಗ್ಗಿಸಿ ನಮ್ಮ ಬಾಸನ್ನು ಕೇಳಿದರು, "ಈ ಓಪನ್ ಅನ್ನೋ ಲೈನು ನಮ್ಮ ಶಾಪಿಗೂ ಹಾಕಿಕೊಡೋಕಾಗತ್ತಾ?"

ಬಾಸು ಒಂದು ಕ್ಷಣವೂ ತಡೆಯಲಿಲ್ಲ. "ಅದಕ್ಕೇನ್ ಸಾರ್, ಸೋಮವಾರ ಈ ಮೇಡಮ್ಮನ್ನೇ ಕಳಿಸಿಕೊಡ್ತೀನಿ."

ನನ್ನ ಕೆಲಸ ಉಳಿದ ಸುದ್ದಿ ನನಗೆ ತಲುಪಿದ್ದು ಹೀಗೆ. ಕಣ್ಣು ತುಂಬಿ ಬಂತು, ಕುಲುಮೆಯ ಹೊಗೆ ಎಂದು ಸೆರಗಿನಿಂದ ಒರೆಸಿಕೊಂಡೆ. ಎಷ್ಟು ಗಂಟೆಗೆ ಬರಲಿ ಸಾರ್ ಎಂದು ಕೇಳಿದೆ.

"ಬೇಗ ಬನ್ನಿಮ್ಮ" ಎಂದರು ಇನ್‌ಸ್ಪೆಕ್ಟರು. "ಆದ್ರೆ ಒಂಬತ್ತರ ಮೇಲೆ."